ಮಿದುಳಿನ ಚಿತ್ರ ಜಾಲಾಡುವವರು ಬೇಕಾಗಿದ್ದಾರೆ

ನಿಮ್ಹಾನ್ಸ್‌ನಂಥ ಸಂಸ್ಥೆ ಎಂಆರ್‌ಐ ದತ್ತಾಂಶದ ವಿಶ್ಲೇಷಣೆಗೆ ಸಂಶೋಧನಾ ಸಹಾಯಕರು ಬೇಕೆಂದು ಅರ್ಜಿ ಕರೆದಾಗ ಸಾಮಾನ್ಯವಾಗಿ ಎರಡು ಬಗೆಯವರು ಬರುತ್ತಾರೆ. ಕೋಡಿಂಗ್ ಬಲ್ಲವರಿಗೆ ಮಿದುಳು ಗೊತ್ತಿರುವುದಿಲ್ಲ. ಮನಃಶಾಸ್ತ್ರ ಓದಿದವರಿಗೆ ಕೋಡಿಂಗ್ ಎಂದರೆ ಅಂಜಿಕೆ. ಇವೆರಡನ್ನೂ ಕೆಲಸದ ಜೊತೆಗೇ ಕಲಿಸಬಹುದು. ಕಂಪ್ಯೂಟರ್ ಕೊಟ್ಟ ಉತ್ತರವನ್ನು ಅನುಮಾನಿಸುವ ಗುಣವನ್ನು ಕಲಿಸುವುದು ಕಷ್ಟ.

ಕೆಲಸ ಹೀಗಿರುತ್ತದೆ. ಮಿದುಳಿನ ಚಟುವಟಿಕೆಯನ್ನು ಅಳೆಯುವ ಎಫ್‌ಎಂಆರ್‌ಐ ಯಂತ್ರ ಎರಡು ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಚಿತ್ರ ತೆಗೆದರೆ ಹತ್ತು ನಿಮಿಷಕ್ಕೆ 300 ಚಿತ್ರ. ಯಂತ್ರ ಕೊಟ್ಟ ಡೈಕಾಮ್ ಕಡತಗಳನ್ನು ನಿಫ್ಟಿ ರೂಪಕ್ಕೆ ತಂದು, 2016ರಲ್ಲಿ ಪ್ರಕಟವಾದ ‘ಬಿಡ್ಸ್’ ಕ್ರಮದಲ್ಲಿ ಹೆಸರಿಟ್ಟು ಜೋಡಿಸಬೇಕು. ಆಮೇಲೆ ಎಫ್‌ಎಂಆರ್‌ಐ-ಪ್ರೆಪ್, ಎಫ್‌ಎಸ್‌ಎಲ್, ಎಸ್‌ಪಿಎಂನಂಥ ತಂತ್ರಾಂಶಗಳ ಸರದಿ. ಕೇಳಲು ಸಲೀಸು. ಆದರೆ ಮಿದುಳು ಚುರುಕಾದಾಗ ಸಂಕೇತದಲ್ಲಾಗುವ ಏರಿಳಿತ ಶೇಕಡಾ ಒಂದೆರಡರ ಆಸುಪಾಸು. ಮಲಗಿದವರ ತಲೆ ಒಂದು ಮಿಲಿಮೀಟರ್ ಜರುಗಿದರೂ ಮಿದುಳಿನ ಅಂಚುಗಳಲ್ಲಿ ಅದಕ್ಕಿಂತ ದೊಡ್ಡ ಏರಿಳಿತ ಕಾಣಬಹುದು. ಮಕ್ಕಳು, ನಡುಕವಿರುವ ರೋಗಿಗಳು ಅಲ್ಲಾಡದೆ ಮಲಗುವುದಾದರೂ ಹೇಗೆ? ಹಾಗಾಗಿ ಪ್ರತಿಯೊಬ್ಬರ ಚಿತ್ರವನ್ನೂ ಕಣ್ಣಾರೆ ನೋಡಿ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂದು ಬರೆದಿಡಬೇಕು. ಸಹಾಯಕರ ದಿನದ ಬಹುಪಾಲು ಹೋಗುವುದು ಇಲ್ಲೇ.

ಸಂದರ್ಶನದಲ್ಲಿ ಪೈಥಾನ್ ಬರುತ್ತದೆಯೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ಐದಾರು ಜನರ ಚಿತ್ರ ಕೊಟ್ಟು, ಒಂದರಲ್ಲಿ ಎಡ-ಬಲ ಅದಲುಬದಲು ಮಾಡಿ, ಇನ್ನೊಂದರಲ್ಲಿ ಕೆಲವು ಪದರ ಕತ್ತರಿಸಿ, ಏನು ಕಂಡಿತು ಎಂದು ಕೇಳಬೇಕು. ಎಡ-ಬಲದ ತಪ್ಪು ಕಣ್ಣಿಗೆ ಬೀಳುವುದೇ ಕಷ್ಟ, ಏಕೆಂದರೆ ಮಿದುಳಿನ ಎರಡು ಪಾಲು ಮೇಲ್ನೋಟಕ್ಕೆ ಒಂದೇ ಥರ. ಜೊತೆಗೆ ವೈದ್ಯರ ಚಿತ್ರಗಳಲ್ಲಿ ರೋಗಿಯ ಬಲಭಾಗ ನಮ್ಮ ಎಡಕ್ಕಿರುವುದು ವಾಡಿಕೆ. ‘ಬರೀ ಚಿತ್ರ ನೋಡಿ ಹೇಳಲಾಗದು, ಕಡತದ ಶಿರೋಭಾಗ ನೋಡಬೇಕು’ ಎನ್ನುವ ಅಭ್ಯರ್ಥಿಯನ್ನು ಬಿಡಬಾರದು.

ಸತ್ತ ಮೀನಿನ ಪ್ರಸಂಗವನ್ನೂ ಕೇಳಬಹುದು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನ್ ಮಾಡಿ, ಸಂಖ್ಯಾಶಾಸ್ತ್ರದ ತಿದ್ದುಪಡಿ ಬಿಟ್ಟರೆ ಅದರ ಮಿದುಳೂ ‘ಚಟುವಟಿಕೆ’ ತೋರಿಸುತ್ತದೆಂದು ನಿರೂಪಿಸಿದರು. 2012ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಗಿಟ್ಟಿಸಿದರು. ಲೆಕ್ಕ ಸರಳ: 60,000 ಬಿಂದುಗಳನ್ನು ಪರೀಕ್ಷಿಸುವಾಗ ಸಾವಿರಕ್ಕೊಂದು ತಪ್ಪಿಗೆ ಅವಕಾಶ ಕೊಟ್ಟರೂ ಸುಮಾರು 60 ಸುಳ್ಳು ಚುಕ್ಕೆ ಬೆಳಗುತ್ತವೆ.

ಸಂಬಳ ಹುದ್ದೆಯ ಹೆಸರಿನ ಮೇಲೆ ನಿಂತಿದೆ. ನೆಟ್ ಅಥವಾ ಗೇಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆ ದಾಟಿದ ಜೂನಿಯರ್ ರಿಸರ್ಚ್ ಫೆಲೋಗೆ ಕೇಂದ್ರ ಸರ್ಕಾರ 2023ರಲ್ಲಿ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆಬಾಡಿಗೆ ಭತ್ಯೆ ಎಂದು ನಿಗದಿ ಮಾಡಿತು. ಹೆಚ್ಚಿನವು ಯೋಜನೆಯ ಅನುದಾನ ಇರುವಷ್ಟೇ ದಿನದ ಗುತ್ತಿಗೆ ಕೆಲಸಗಳು. ಸೇರುವ ಮುಂಚೆ ಅವಧಿ ಎಷ್ಟು, ಪ್ರಬಂಧದಲ್ಲಿ ಹೆಸರು ಬರುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಅರ್ಜಿ ಹಾಕುವವರಿಗೆ ಇನ್ನೊಂದು ಮಾತು. ಓಪನ್‌ನ್ಯೂರೋ ತಾಣದಲ್ಲಿ ನಿಜವಾದ ಮಿದುಳಿನ ದತ್ತಾಂಶ ಉಚಿತವಾಗಿ ಸಿಗುತ್ತದೆ. ಒಂದು ಸಣ್ಣ ಸಂಗ್ರಹ ಇಳಿಸಿಕೊಂಡು ವಿಶ್ಲೇಷಿಸಿ, ಯಾರ ಚಿತ್ರವನ್ನು ಏಕೆ ಕೈಬಿಟ್ಟಿರಿ ಎಂಬ ಎರಡು ಪುಟದ ಟಿಪ್ಪಣಿಯನ್ನು ಅರ್ಜಿಗೆ ಲಗತ್ತಿಸಿ.