ಡಿಗ್ರಿ ಕಾಲಂ ಒಂದೇ ಸಾಲದು: ಫ್ಯಾಕ್ಟರಿ ಗೋಡೆ ಮೇಲಿನ ಸ್ಕಿಲ್ ಚಾರ್ಟ್ ಓದೋದು ಹೇಗೆ?

ಬೆಳಗಾವಿ/ಖಾನಾಪುರ: ಬೆಳಗ್ಗೆ ಖಾನಾಪುರದಿಂದ ಬೆಳಗಾವಿಗೆ ಬರೋ ಬಸ್ಸಿನಲ್ಲಿ ಮಚ್ಛೆ, ಉದ್ಯಮಬಾಗ ಸ್ಟಾಪಿಗೆ ಇಳಿಯೋರು ಎಲ್ಲ ಥರದವರೂ ಇರ್ತಾರೆ. ಐಟಿಐ ಮಾಡಿದ ಹುಡುಗರು, ಬಿಇ ಮುಗಿಸಿ ಟ್ರೇನಿ ಅಂತ ಸೇರಿದವರು, ಎಸ್ಸೆಸ್ಸೆಲ್ಸಿಯನ್ನೂ ದಾಟದೆ ಮೂವತ್ತು ವರ್ಷದಿಂದ ಮರಳು ಬಡಿದು ಮೋಲ್ಡ್ ಮಾಡ್ತಿರೋ ಹಿರಿಯರು. ಕೆಲಸದ ಜಾಹೀರಾತಿನಲ್ಲಿ ಮಾತ್ರ ಎಲ್ಲರಿಗೂ ಮೊದಲ ಪ್ರಶ್ನೆ ಒಂದೇ: ಏನು ಓದಿದ್ದೀರಿ?

ಒಳಗೆ ಹೋದ ಮೇಲೆ ಪ್ರಶ್ನೆ ಬದಲಾಗುತ್ತೆ. ಸ್ವಲ್ಪ ವ್ಯವಸ್ಥಿತವಾಗಿ ನಡೆಯೋ ಫೌಂಡ್ರಿ, ಮಷಿನ್ ಶಾಪ್‌ಗಳ ಗೋಡೆ ಮೇಲೆ ಒಂದು ದೊಡ್ಡ ಕೋಷ್ಟಕ ಅಂಟಿಸಿರ್ತಾರೆ. ಎಡಕ್ಕೆ ಕೆಲಸಗಾರರ ಹೆಸರು, ಮೇಲೆ ಕೆಲಸಗಳ ಹೆಸರು, ಮಧ್ಯದ ಮನೆಗಳಲ್ಲಿ ಕಾಲು, ಅರ್ಧ, ಮುಕ್ಕಾಲು, ಪೂರ್ತಿ ತುಂಬಿದ ವೃತ್ತಗಳು. ಇದಕ್ಕೆ ಸ್ಕಿಲ್ ಚಾರ್ಟ್, ಸ್ಕಿಲ್ ಮ್ಯಾಟ್ರಿಕ್ಸ್ ಅಂತಾರೆ. ಮನುಷ್ಯನ ಸಾಮರ್ಥ್ಯವನ್ನು ಅಳೆದು, ಬರೆದಿಟ್ಟು, ಅದರ ಮೇಲೆ ತಂಡ ಕಟ್ಟೋ ವಿದ್ಯೆಯ ಅತ್ಯಂತ ಸರಳ ರೂಪ ಇದು. ಆಡಿಟರ್ ಬಂದಾಗ ತೋರಿಸೋಕೆ ಅಂತ ಬಹಳ ಕಡೆ ಇದನ್ನು ಹಾಕಿರ್ತಾರೆ ಅನ್ನೋದು ಬೇರೆ ಮಾತು. ಸರಿಯಾಗಿ ಓದಿದ್ರೆ ಅದರಲ್ಲಿ ಕಂಪನಿಯ ಮುಂದಿನ ಐದು ವರ್ಷ ಕಾಣುತ್ತೆ.

ವೃತ್ತದ ಅರ್ಥ ಏನು?

ಸಾಮಾನ್ಯ ಪದ್ಧತಿ ಹೀಗಿದೆ. ಖಾಲಿ ವೃತ್ತ ಅಂದ್ರೆ ಆ ಕೆಲಸ ಗೊತ್ತಿಲ್ಲ, 0. ಕಾಲು ಭಾಗ ತುಂಬಿದ್ರೆ ಕಲೀತಾ ಇದ್ದಾನೆ, 1. ಅರ್ಧ ಅಂದ್ರೆ ಯಾರಾದ್ರೂ ನೋಡ್ತಾ ಇದ್ರೆ ಮಾಡ್ತಾನೆ, 2. ಮುಕ್ಕಾಲು ಅಂದ್ರೆ ಒಬ್ಬನೇ ಮಾಡಬಲ್ಲ, 3. ಪೂರ್ತಿ ತುಂಬಿದ್ರೆ ಇನ್ನೊಬ್ಬರಿಗೆ ಕಲಿಸಬಲ್ಲ, 4. ವಾಹನದ ಬಿಡಿಭಾಗ ಮಾಡೋ ಕೆಲವು ಕಡೆ ವೃತ್ತದ ಬದಲು ಐ, ಎಲ್, ಯು, ಓ ಅಂತ ಅಕ್ಷರ ಹಾಕ್ತಾರೆ. ಒಂದೊಂದೇ ಗೆರೆ ಸೇರಿ ಚೌಕ ಮುಗಿಯೋ ಹಾಗೆ. ಅರ್ಥ ಅದೇ.

ಇಲ್ಲಿ ಗಮನಿಸಬೇಕಾದ್ದು, ಅತಿ ಮೇಲಿನ ಅಂಕ ವೇಗಕ್ಕಲ್ಲ, ಕಲಿಸೋದಕ್ಕೆ. ಇನ್ನೊಂದು, ಡಿಗ್ರಿಗೆ ಅಂತ ಪ್ರತ್ಯೇಕ ವೃತ್ತವೇ ಇಲ್ಲ. ಕಂಪನಿಗಳು ಹೆಮ್ಮೆಯಿಂದ ಬೋರ್ಡ್ ಹಾಕಿಕೊಳ್ಳೋ ಐಎಸ್‌ಒ 9001:2015 ಮಾನದಂಡದ 7.2ನೇ ಕಲಮಿನಲ್ಲಿ ಸಾಮರ್ಥ್ಯದ ಬಗ್ಗೆ ಹೇಳಿದೆ. ಗುಣಮಟ್ಟಕ್ಕೆ ಸಂಬಂಧಪಟ್ಟ ಕೆಲಸಕ್ಕೆ ಯಾವ ಸಾಮರ್ಥ್ಯ ಬೇಕು ಅಂತ ಕಂಪನಿಯೇ ಗೊತ್ತುಮಾಡಬೇಕು. ಶಿಕ್ಷಣ, ತರಬೇತಿ ಅಥವಾ ಅನುಭವದಿಂದ ಆ ಸಾಮರ್ಥ್ಯ ಬಂದಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು, ಅದಕ್ಕೆ ದಾಖಲೆ ಇಡಬೇಕು. ಆ 'ಅಥವಾ' ಅನ್ನೋ ಪದಕ್ಕೆ ಭಾರಿ ಬೆಲೆ ಇದೆ. ಮೂವತ್ತು ವರ್ಷ ಮೋಲ್ಡಿಂಗ್ ಮಾಡಿದವನ ಅನುಭವ ಸರ್ಟಿಫಿಕೇಟಿಗಿಂತ ಕಡಿಮೆ ಅಂತ ಆ ನಿಯಮ ಎಲ್ಲೂ ಹೇಳೋದಿಲ್ಲ. ಕಡಿಮೆ ಅಂತ ಅಂದುಕೊಂಡಿರೋದು ನಾವು.

ಮೊತ್ತ ಒಂದೇ, ತಂಡ ಬೇರೆ

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಕೇವಲ ಉದಾಹರಣೆಗೆ. ಒಂದು ಫೌಂಡ್ರಿಗೆ ಹೊಸ ಪಂಪ್ ಬಾಡಿಯ ಆರ್ಡರ್ ಬಂತು ಅಂದುಕೊಳ್ಳಿ. ಗಿರಾಕಿ ಡ್ರಾಯಿಂಗ್ ಕಳಿಸಿದ್ದಾನೆ. ಮುಖ್ಯವಾಗಿ ನಾಲ್ಕು ಕೆಲಸ: ಡ್ರಾಯಿಂಗ್ ಓದಿ ಕಂಪ್ಯೂಟರ್‌ನಲ್ಲಿ ಮಾದರಿ ಮಾಡೋದು, ಪ್ಯಾಟರ್ನ್ ಮಾಡೋದು, ಮೋಲ್ಡಿಂಗ್, ಅಳತೆ-ತಪಾಸಣೆ.

ಮೊದಲ ತಂಡದಲ್ಲಿ ಮೂವರು ಹೊಸ ಎಂಜಿನಿಯರ್‌ಗಳು. ಮೂವರಿಗೂ ಡ್ರಾಯಿಂಗ್‌ನಲ್ಲಿ 4, ಪ್ಯಾಟರ್ನ್‌ನಲ್ಲಿ 1, ಮೋಲ್ಡಿಂಗ್‌ನಲ್ಲಿ 1, ಅಳತೆಯಲ್ಲಿ 3. ಒಬ್ಬರಿಗೆ 9, ಮೂವರದ್ದು 27. ಎರಡನೇ ತಂಡದಲ್ಲಿ ಅಂಥದ್ದೇ ಒಬ್ಬ ಎಂಜಿನಿಯರ್, ಅವನದ್ದು 9. ಜೊತೆಗೆ ಒಬ್ಬ ಪ್ಯಾಟರ್ನ್ ಮೇಕರ್: ಡ್ರಾಯಿಂಗ್ 2, ಪ್ಯಾಟರ್ನ್ 4, ಮೋಲ್ಡಿಂಗ್ 2, ಅಳತೆ 1. ಅವನದ್ದೂ 9. ಒಬ್ಬ ಹಳೇ ಮೋಲ್ಡರ್: 1, 2, 4, 2. ಅವನದ್ದೂ 9. ಒಟ್ಟು ಮತ್ತೆ 27.

ಮೊತ್ತ ನೋಡಿದ್ರೆ ಎರಡೂ ತಂಡ ಸಮ. ಆದ್ರೆ ಪ್ರತಿ ಕಾಲಂನ ಅತ್ಯುತ್ತಮ ಅಂಕ ತೆಗೆದು ನೋಡಿ. ಮೊದಲ ತಂಡಕ್ಕೆ 4, 1, 1, 3. ಎರಡನೇದಕ್ಕೆ 4, 4, 4, 3. ಮೊದಲ ತಂಡದ ಡ್ರಾಯಿಂಗ್ ಚಂದ ಇರುತ್ತೆ, ಎರಕ ಮಾತ್ರ ಭಟ್ಟಿಯಿಂದ ಸೀದಾ ಸ್ಕ್ರ್ಯಾಪಿಗೆ.

ಕಾರಣ ಸಣ್ಣದೇ. ಬೀಡು ಕಬ್ಬಿಣ ಕರಗಿ ಮತ್ತೆ ಗಟ್ಟಿಯಾಗಿ ತಣ್ಣಗಾಗೋವಾಗ ಅಂದಾಜು ಶೇ 1ರಷ್ಟು ಕುಗ್ಗುತ್ತೆ. ಅಂದ್ರೆ ಒಂದು ಮೀಟರಿಗೆ ಸುಮಾರು 10 ಮಿಲಿಮೀಟರ್. 500 ಮಿ.ಮೀ. ಉದ್ದದ ಬಾಡಿ ಬೇಕಿದ್ರೆ ಪ್ಯಾಟರ್ನ್ 505 ಹತ್ತಿರ ಇರಬೇಕು. ಅದರ ಮೇಲೆ ಮಷಿನಿಂಗ್‌ಗೆ ಅಂತ ಬೇರೆ ದಪ್ಪ ಬಿಡಬೇಕು. ಮರಳಿನಿಂದ ಪ್ಯಾಟರ್ನ್ ಎತ್ತುವಾಗ ಅಂಚು ಮುರೀಬಾರದು ಅಂತ ಗೋಡೆಗೆ ಸ್ವಲ್ಪ ಓರೆ ಕೊಡಬೇಕು. ಹಳೇ ಪ್ಯಾಟರ್ನ್ ಮೇಕರ್‌ಗಳ ಹತ್ತಿರ ಈ ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗೆರೆ ಹಾಕಿದ ಸ್ಕೇಲೇ ಇರುತ್ತೆ. ಗೊತ್ತಿಲ್ಲದವರು ಅದನ್ನು ತಪ್ಪು ಸ್ಕೇಲ್ ಅಂದುಕೊಳ್ಳಬಹುದು. ಪುಸ್ತಕದಲ್ಲಿ ಇದೆಲ್ಲ ಇದೆ, ಪರೀಕ್ಷೆಗೂ ಬರುತ್ತೆ. ಆದ್ರೆ ಯಾವ ಮೂಲೆ ದಪ್ಪ, ಅಲ್ಲಿ ಲೋಹ ಕೊನೆಗೆ ತಣ್ಣಗಾಗಿ ಒಳಗೆ ಗುಳಿ ಬೀಳುತ್ತೆ ಅಂತ ಡ್ರಾಯಿಂಗ್ ನೋಡಿದ ತಕ್ಷಣ ಬೆರಳಿಟ್ಟು ಹೇಳೋನು ಬೇರೆ. ಅವನನ್ನು ಡಿಸೈನ್ ಮೀಟಿಂಗಿಗೆ ಕರೆಯೋದಿಲ್ಲ, ಯಾಕಂದ್ರೆ ಅವನು 'ಶಾಪ್ ಫ್ಲೋರ್' ಮನುಷ್ಯ.

ಬುದ್ಧಿವಂತರೇ ತುಂಬಿದ ತಂಡ

ಇದು ಬೆಳಗಾವಿ ಸಮಸ್ಯೆ ಮಾತ್ರ ಅಲ್ಲ. ಇಂಗ್ಲೆಂಡಿನ ಮೆರೆಡಿತ್ ಬೆಲ್ಬಿನ್ ಅನ್ನೋ ಸಂಶೋಧಕ ಹೆನ್ಲಿ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ವರ್ಷಗಟ್ಟಲೆ ತಂಡಗಳಿಗೆ ವ್ಯಾಪಾರದ ಆಟ ಆಡಿಸಿ ನೋಡಿದ. ಬುದ್ಧಿ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರನ್ನೇ ಒಂದು ತಂಡಕ್ಕೆ ಹಾಕಿದ. ಅವರೇ ಗೆಲ್ತಾರೆ ಅಂತ ಎಲ್ಲರ ಲೆಕ್ಕ. ಬಹಳಷ್ಟು ಸಲ ಅವರು ಹಿಂದೆ ಬಿದ್ದರು. ಒಬ್ಬರ ಮಾತಿನಲ್ಲಿ ಇನ್ನೊಬ್ಬರು ತಪ್ಪು ಹುಡುಕೋದರಲ್ಲೇ ಹೊತ್ತು ಹೋಗ್ತಿತ್ತು. 1981ರಲ್ಲಿ ಅವನು ಪುಸ್ತಕ ಬರೆದ. ಐಡಿಯಾ ಕೊಡೋನು, ತಪ್ಪು ಹಿಡಿಯೋನು, ಹೊರಗಿನ ಸಂಪರ್ಕ ತರೋನು, ಹಿಡಿದ ಕೆಲಸ ಮುಗಿಸೋನು, ಹೀಗೆ ಅವನು ಗುರುತಿಸಿದ ಪಾತ್ರಗಳು ಈಗ ಒಂಬತ್ತಿವೆ. ಜನರನ್ನು ಹೀಗೆ ಒಂಬತ್ತು ಡಬ್ಬಿಗೆ ಹಾಕೋದು ಎಷ್ಟು ಸರಿ ಅಂತ ಪ್ರಶ್ನೆ ಮಾಡಿದ ಸಂಶೋಧಕರೂ ಇದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ಒಂದೇ ಥರದವರನ್ನು ಸೇರಿಸಿದ್ರೆ ತಂಡ ಆಗೋದಿಲ್ಲ ಅನ್ನೋದನ್ನು ಕಬಡ್ಡಿ ಆಡಿದ ಯಾರೂ ಒಪ್ತಾರೆ. ಏಳೂ ಜನ ರೈಡರ್ ಆದ್ರೆ ಹಿಡಿಯೋರು ಯಾರು?

ಅದಕ್ಕೂ ಮೊದಲು, 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮ್ಯಾಕ್ಲೆಲ್ಯಾಂಡ್ ಒಂದು ಲೇಖನ ಬರೆದು, ಬುದ್ಧಿ ಪರೀಕ್ಷೆ ಬಿಟ್ಟು ಕೆಲಸದ ಸಾಮರ್ಥ್ಯವನ್ನೇ ಪರೀಕ್ಷೆ ಮಾಡಿ ಅಂತ ವಾದಿಸಿದ. ಇಂದಿನ ಸಾಮರ್ಥ್ಯ ಪಟ್ಟಿಗಳಿಗೆಲ್ಲ ಆ ಲೇಖನ ಒಂದು ಬೇರು. ನಮ್ಮ ಅಂಗಡಿಕಾರರಿಗೆ ಕುತೂಹಲ ಆಗೋ ಸಂಗತಿ ಅಂದ್ರೆ, ಅದೇ ಮ್ಯಾಕ್ಲೆಲ್ಯಾಂಡ್ 1960ರ ದಶಕದಲ್ಲಿ ಪಕ್ಕದ ಆಂಧ್ರದ ಕಾಕಿನಾಡಕ್ಕೆ ಬಂದು ಅಲ್ಲಿನ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ, ವ್ಯಾಪಾರದಲ್ಲಿ ಏನು ಬದಲಾಯಿತು ಅಂತ ಅಧ್ಯಯನ ಮಾಡಿದ್ದ.

ಕಾಲೇಜಿನಲ್ಲಿ ಏನಾಗ್ತಿದೆ?

ಮಚ್ಛೆಯ ಜ್ಞಾನ ಸಂಗಮದಲ್ಲಿ ವಿಟಿಯು ಕೇಂದ್ರ ಕಚೇರಿ ಇದೆ. 1998ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯದ ಕೆಳಗೆ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಬರ್ತವೆ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದಕ್ಕೆ ಪೂರ್ಣ ಸದಸ್ಯ ಆದ ಮೇಲೆ, ಮಾನ್ಯತೆ ಬೇಕಾದ ಕಾಲೇಜುಗಳು ವಿದ್ಯಾರ್ಥಿ ಏನು ಕಲಿತ ಅನ್ನೋದನ್ನು ಗುಣಗಳ ಪಟ್ಟಿ ಇಟ್ಟು ತೋರಿಸಬೇಕಾಗಿದೆ. ಎಂಜಿನಿಯರಿಂಗ್ ಜ್ಞಾನ, ವಿನ್ಯಾಸದ ಜೊತೆಗೆ ತಂಡದಲ್ಲಿ ಕೆಲಸ, ಸಂವಹನ, ಪ್ರಾಜೆಕ್ಟ್ ನಿರ್ವಹಣೆ ಕೂಡ ಆ ಪಟ್ಟಿಯಲ್ಲಿವೆ.

ಕಾಗದದ ಮೇಲೆ ಸರಿ. ಆದ್ರೆ ಕೊನೇ ವರ್ಷದ ಪ್ರಾಜೆಕ್ಟಿಗೆ ತಂಡ ಆಗೋದು ಹೇಗೆ ಅಂತ ಯಾವ ವಿದ್ಯಾರ್ಥಿಯನ್ನಾದ್ರೂ ಕೇಳಿ. ಒಂದೇ ಬೆಂಚಿನವರು, ಒಂದೇ ರೂಮಿನವರು, ಇಲ್ಲಾ ರೋಲ್ ನಂಬರ್ ಪ್ರಕಾರ. ಒಬ್ಬ ಮಾಡ್ತಾನೆ, ಒಬ್ಬ ರಿಪೋರ್ಟ್ ಬರೀತಾನೆ, ಉಳಿದವರು ಬೈಂಡಿಂಗ್ ಮಾಡಿಸ್ತಾರೆ. ಹತ್ತು ನಿಮಿಷ ಕೂತು ಯಾರಿಗೆ ಏನು ಬರುತ್ತೆ ಅಂತ ಅದೇ 0ರಿಂದ 4ರ ಚಾರ್ಟ್ ತುಂಬಿದ್ರೆ ಯಾವ ಕಾಲಂ ಖಾಲಿ ಅಂತ ಮೊದಲ ವಾರವೇ ಗೊತ್ತಾಗುತ್ತೆ. ಆ ಖಾಲಿ ಕಾಲಂಗೆ ಬೇರೆ ಬ್ರ್ಯಾಂಚಿನ ಗೆಳೆಯನನ್ನೋ, ಉದ್ಯಮಬಾಗದ ಒಬ್ಬ ಫಿಟ್ಟರನ್ನೋ ಕೇಳೋಕೆ ಸಮಯ ಸಿಗುತ್ತೆ.

ಸಾಮರ್ಥ್ಯಕ್ಕೂ ಎಕ್ಸ್‌ಪೈರಿ ಇದೆ

ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ ತಯಾರಾಗ್ತವೆ. ವಿಮಾನ ಉದ್ಯಮದಲ್ಲಿ ಸಾಮರ್ಥ್ಯದ ಲೆಕ್ಕ ಇನ್ನೂ ಕಟ್ಟುನಿಟ್ಟು. ಭಾಗವನ್ನು ಒಡೆಯದೆ ಒಳಗಿನ ಬಿರುಕು ಹುಡುಕೋ ತಪಾಸಣೆಗಾರನಿಗೆ ಮೂರು ಹಂತ. ಮೊದಲ ಹಂತದವನು ಹೇಳಿದಂತೆ ಪರೀಕ್ಷೆ ಮಾಡ್ತಾನೆ, ಎರಡನೇ ಹಂತದವನು ಫಲಿತಾಂಶ ಓದಿ ಪಾಸ್-ಫೇಲ್ ಹೇಳ್ತಾನೆ, ಮೂರನೇ ಹಂತದವನು ಪರೀಕ್ಷೆಯ ವಿಧಾನವನ್ನೇ ಬರೀತಾನೆ. ಹತ್ತಿರದ ದೃಷ್ಟಿ ಸರಿ ಇದೆಯಾ ಅಂತ ಪ್ರತಿ ವರ್ಷ ಕಣ್ಣಿನ ಪರೀಕ್ಷೆ ಆಗಲೇಬೇಕು. ಬಾಯ್ಲರ್, ಪ್ರೆಷರ್ ವೆಸೆಲ್ ವೆಲ್ಡಿಂಗ್‌ಗೆ ಜಗತ್ತಿನಲ್ಲಿ ಹೆಚ್ಚು ಬಳಸೋ ಅಮೆರಿಕದ ಸಂಹಿತೆ ಪ್ರಕಾರ, ವೆಲ್ಡರ್ ಒಬ್ಬ ಆರು ತಿಂಗಳು ಆ ವಿಧಾನದಲ್ಲಿ ವೆಲ್ಡಿಂಗ್ ಮಾಡದೇ ಇದ್ರೆ ಅವನ ಅರ್ಹತೆ ಮುಗೀತು, ಮತ್ತೆ ಪರೀಕ್ಷೆ. ಡಿಗ್ರಿ ಸರ್ಟಿಫಿಕೇಟಿಗೆ ಇಂಥ ಗಡುವಿಲ್ಲ.

ಒಬ್ಬನಿಗೇ ಗೊತ್ತಿದ್ರೆ?

ಎರಡನೇ ತಂಡಕ್ಕೆ ವಾಪಸ್ ಬರೋಣ. ಪ್ಯಾಟರ್ನ್ ಕಾಲಂನಲ್ಲಿ ಒಬ್ಬನದ್ದು 4. ಅವನ ನಂತರದವನದ್ದು 2, ಅಂದ್ರೆ ಪಕ್ಕದಲ್ಲಿ ಯಾರಾದ್ರೂ ನಿಂತಿರಬೇಕು. ಆ ಒಬ್ಬ ರಜೆ ಹಾಕಿದ್ರೆ ಕೆಲಸ ನಿಲ್ಲುತ್ತೆ. ಖಾನಾಪುರ ಕಡೆ ಜುಲೈ ಮಳೆಯಲ್ಲಿ ಭತ್ತದ ನಾಟಿ, ಬೆಳಗಾವಿಯಲ್ಲಿ ಗಣಪತಿ ಹಬ್ಬ, ಊರ ಜಾತ್ರೆ. ರಜೆ ಬೇಕೇ ಬೇಕು, ಅದು ತಪ್ಪಲ್ಲ. ಇಂಥ ಕಾಲಂ ಯಾವುದು ಅಂತ ಮೇ ತಿಂಗಳಲ್ಲೇ ನೋಡದೆ ಇರೋದು ತಪ್ಪು.

ನಿವೃತ್ತಿ ಬಂದ್ರೆ ಇನ್ನೂ ಕಷ್ಟ. ಮರಳಿನ ತೇವ ಅಳೆಯೋಕೆ ಈಗ ಯಂತ್ರ ಇದೆ. ಹಳಬರು ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಎರಡು ತುಂಡು ಮಾಡಿ, ಅಂಚು ಹೇಗೆ ಮುರೀತು ಅಂತ ನೋಡ್ತಾರೆ. ಚಾರ್ಟ್‌ನಲ್ಲಿ ಅದಕ್ಕೆ 'ಮೋಲ್ಡಿಂಗ್: 4' ಅಂತ ಮಾತ್ರ ಬರೆದ್ರೆ ಪ್ರಯೋಜನ ಕಡಿಮೆ. 'ಯಂತ್ರ ಕೆಟ್ಟಾಗಲೂ ಮರಳು ಸರಿ ಇದೆಯಾ ಹೇಳಬಲ್ಲ', 'ಹೊಸ ಪ್ಯಾಟರ್ನ್ ಕೊಟ್ಟರೆ ಗಾಳಿ ಹೋಗೋ ದಾರಿ ತಾನೇ ಇಡಬಲ್ಲ' ಅಂತ ಕಣ್ಣಿಗೆ ಕಾಣೋ ಕೆಲಸವಾಗಿ ಬರೆದ್ರೆ ಕಲಿಯೋನಿಗೂ ಏನು ಕಲೀಬೇಕು ಅಂತ ಗೊತ್ತಾಗುತ್ತೆ. ಕೋಟೆಯೊಳಗಿನ ಕಮಲ ಬಸದಿಯ ಛತ್ತಿನಲ್ಲಿ ಕಲ್ಲಿನ ಕಮಲ ತೂಗು ಹಾಕಿದವರೂ ಯಾರಿಗೆ ಆ ಕಲ್ಲು ಕೊಡಬೇಕು ಅಂತ ಆರಿಸಿಯೇ ಕೊಟ್ಟಿರಬೇಕು. ಅವರ ಚಾರ್ಟ್ ಮೇಸ್ತ್ರಿಯ ತಲೆಯಲ್ಲಿ ಇತ್ತು, ಮೇಸ್ತ್ರಿ ಜೊತೆಗೇ ಹೋಯ್ತು.

ಈ ಚಾರ್ಟ್ ಕೆಡೋದು ಎರಡು ಕಡೆ. ಒಂದು, ಸೂಪರ್‌ವೈಸರ್ ಒಬ್ಬನೇ ತುಂಬಿದ್ರೆ ಅವನ ಮರ್ಜಿ ಅಂಕವಾಗುತ್ತೆ. ಕೆಲಸಗಾರ ತನ್ನ ಅಂಕ ತಾನು ಹಾಕಿ, ಸೂಪರ್‌ವೈಸರ್ ತನ್ನದು ಹಾಕಿ, ವ್ಯತ್ಯಾಸ ಬಂದ ಕಡೆ ಕೆಲಸ ಮಾಡಿಸಿ ನೋಡೋದು ಮೇಲು. ಇನ್ನೊಂದು ಹೊಟ್ಟೆಪಾಡಿನ ಪ್ರಶ್ನೆ: ಹುಡುಗನಿಗೆ ಎಲ್ಲ ಕಲಿಸಿಬಿಟ್ರೆ ನನ್ನ ಕೆಲಸದ ಗತಿ ಏನು? ಈ ಹೆದರಿಕೆಗೆ ಭಾಷಣ ಮದ್ದಲ್ಲ. ಕಲಿಸಿದವನಿಗೆ ಸಂಬಳದಲ್ಲಿ ಏನಾದ್ರೂ ಹೆಚ್ಚು ಸಿಗಬೇಕು. ಅದಿಲ್ಲದೆ 4ನೇ ವೃತ್ತ ತುಂಬು ಅಂದ್ರೆ ಯಾರೂ ಮನಸ್ಸಿಟ್ಟು ತುಂಬೋದಿಲ್ಲ.

ನಮ್ಮ ಕಡೆಗೆ ಇನ್ನೊಂದು ಕಾಲಂ ಬೇಕು, ಅದು ಭಾಷೆ. ಡ್ರಾಯಿಂಗ್ ಇಂಗ್ಲಿಷಿನಲ್ಲಿ, ಮಾತು ಕನ್ನಡ, ಮರಾಠಿ, ಹಿಂದಿಯಲ್ಲಿ. ಮೂರೂ ಕಡೆ ತಿರುಗಿಸಿ ಹೇಳಬಲ್ಲವನು ತಂಡದಲ್ಲಿ ಇಲ್ಲದಿದ್ರೆ ಉಳಿದ ವೃತ್ತ ಎಷ್ಟು ತುಂಬಿದ್ರೂ ಎಲ್ಲೋ ಒಂದು ಅಳತೆ ತಪ್ಪುತ್ತೆ.

ಅಂಗಡಿಯವರಿಗೂ ಇದೇ ಲೆಕ್ಕ. ಐದು ಜನ ಇರೋ ಹಾರ್ಡ್‌ವೇರ್ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್, ಸ್ಟಾಕ್, ಪೈಪ್ ಫಿಟಿಂಗ್ ಸೈಜ್, ಉದ್ರಿ ವಸೂಲಿ ಅಂತ ನಾಲ್ಕು ಕಾಲಂ ಹಾಕಿ ನೋಡಿ. ಬಿಲ್ಲಿಂಗ್ ಕಾಲಂನಲ್ಲಿ ಮಗನ ಹೆಸರಿನ ಮುಂದೆ ಮಾತ್ರ 3 ಇದ್ದು, ಅವನು ಪುಣೆಗೆ ಹೊರಟಿದ್ರೆ, ಇವತ್ತೇ ಇನ್ನೊಬ್ಬರನ್ನು ಕಂಪ್ಯೂಟರ್ ಮುಂದೆ ಕೂರಿಸಬೇಕು.

ಓದು ಅರ್ಧಕ್ಕೆ ಬಿಟ್ಟು ಕೈಕೆಲಸ ಕಲಿತವರಿಗೆ ಸರ್ಕಾರದ ಕಡೆಯಿಂದ ಒಂದು ದಾರಿ ಇದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಮೊದಲೇ ಇರೋ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡೋ ವಿಭಾಗ ಸೇರಿಸಿದ್ದಾರೆ. ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು ಅದನ್ನು ಆರ್‌ಪಿಎಲ್ ಅಂತಾರೆ. ಖಾನಾಪುರದ ಹಂಚು, ಮಡಕೆ ಕೆಲಸದವರಿಗೆ ತಮ್ಮ ಊರಲ್ಲೇ ಖಾದಿ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಅದರಲ್ಲಿ ನೋಂದಣಿ ಗ್ರಾಮ ಪಂಚಾಯಿತಿ ಮಟ್ಟದಿಂದ ಪರಿಶೀಲನೆ ಆಗಿ ಮೇಲೆ ಹೋಗುತ್ತೆ, ಅರ್ಜಿ ಹಾಕೋದು ಸಾಮಾನ್ಯ ಸೇವಾ ಕೇಂದ್ರದಲ್ಲಿ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಒಯ್ಯಬೇಕು. ಮಾರ್ಕ್ಸ್ ಕಾರ್ಡ್ ಬೇಕಾಗಿಲ್ಲ.