ತೊಟ್ಟಿಗೊಂದು ಹೊದಿಕೆ

ದಾವಣಗೆರೆ ಜಿಲ್ಲೆಯ ಭೂಪಟವನ್ನು ನೋಡಿದರೆ ನೀರಿನ ಎರಡು ಮುಖಗಳು ಕಾಣುತ್ತವೆ. ದಕ್ಷಿಣದ ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದೂ ಹೆಸರಾದ ವಿಶಾಲವಾದ ಸೂಳೆಕೆರೆಯಿದೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಹಿಂದೆ ಹೊನ್ನಾಳಿಗೇ ಸೇರಿದ್ದ ನ್ಯಾಮತಿ ಈಗ ಪ್ರತ್ಯೇಕ ತಾಲ್ಲೂಕು. ಈಶಾನ್ಯದ ಜಗಳೂರಿನಲ್ಲಾದರೋ ವರ್ಷವಿಡೀ ಹರಿಯುವ ನದಿಯಿಲ್ಲ, ಮಳೆಯೂ ಕಡಿಮೆ. ಆದರೆ ಬರವು ಬಂದಾಗ ಈ ಭೇದ ಬಹುಮಟ್ಟಿಗೆ ಅಳಿಸಿಹೋಗುತ್ತದೆ. 2023ರ ಮಳೆಗಾಲ ಕೈಕೊಟ್ಟ ಬಳಿಕ, 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರೂ ಟ್ಯಾಂಕರಿನಲ್ಲಿ ನೀರು ತರಿಸಿ ತೋಟ ಉಳಿಸಿಕೊಳ್ಳಬೇಕಾಯಿತು.

ಹೀಗೆ ಹಣ ತೆತ್ತು ತಂದ ನೀರಾಗಲಿ, ಕೊಳವೆ ಬಾವಿಯಿಂದ ವಿದ್ಯುತ್ತಿದ್ದಾಗ ಎತ್ತಿಟ್ಟ ನೀರಾಗಲಿ ಸೇರುವುದು ನೆಲದ ಮೇಲೆ ಕಟ್ಟಿದ ಸಿಮೆಂಟಿನ ತೊಟ್ಟಿಗೆ. ತೊಟ್ಟಿಯ ಗೋಡೆ ಸೋರದಂತೆ ಗಾರೆ ಮಾಡಿಸುವವರು ಅನೇಕರು. ಆದರೆ ನೀರು ಗೋಡೆಯಿಂದ ಮಾತ್ರವೇ ಸೋರುವುದಿಲ್ಲ. ಅದು ಮೇಲಕ್ಕೂ ಸೋರುತ್ತದೆ.

ಬಿಸಿಲು ಮತ್ತು ಒಣಗಾಳಿಗೆ ಒಡ್ಡಿದ ನೀರು ಎಡೆಬಿಡದೆ ಆವಿಯಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಆರಿಹೋಗುವುದು ಬಯಲುಸೀಮೆಯಲ್ಲಿ ಅಸಾಧಾರಣವಲ್ಲ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ತೊಟ್ಟಿಯೊಂದನ್ನು ಎಣಿಕೆಗೆ ತೆಗೆದುಕೊಳ್ಳೋಣ. ಅದರ ನೀರಿನ ಮೇಲ್ಮೈ 9 ಚದರ ಮೀಟರ್. ಐದು ಮಿಲಿಮೀಟರ್ ಇಳಿದರೆ ಹೋದದ್ದು 45 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರೆಂದು ಗೊತ್ತುಮಾಡಿದೆ. ಎಂದರೆ, ಮುಚ್ಚದ ಒಂದು ತೊಟ್ಟಿಯಿಂದ ಸೂರ್ಯನು ದಿನವೂ ಹೆಚ್ಚುಕಡಿಮೆ ಒಬ್ಬರ ಪಾಲಿನ ನೀರನ್ನು ಕುಡಿಯುತ್ತಾನೆ. ತೊಟ್ಟಿಯ ಆಳ ಒಂದೂವರೆ ಮೀಟರ್ ಇದ್ದರೆ, ತಿಂಗಳೊಂದರಲ್ಲಿ ಹತ್ತರಲ್ಲಿ ಒಂದು ಪಾಲು ಯಾರೂ ಬಳಸದೆಯೇ ಖಾಲಿಯಾಗುತ್ತದೆ.

ನಷ್ಟವು ಇಷ್ಟಕ್ಕೇ ಮುಗಿಯದು. ಬೆಳಕು ಬಿದ್ದಲ್ಲಿ ಪಾಚಿ ಬೆಳೆದು ನೀರು ಕೆಡುತ್ತದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಇಂತಹ ನಿಂತ ತಿಳಿನೀರೇ ತವರು. ಅದು ನೀರಿನ ಅಂಚಿಗೆ ತುಸು ಮೇಲೆ, ತೊಟ್ಟಿಯ ಒಳಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ತೊಟ್ಟಿ ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದೊಡನೆ ಒಡೆಯುತ್ತವೆ. ಆದುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ಗೋಡೆಯನ್ನು ಉಜ್ಜಿ ತೊಳೆಯಬೇಕು. ತೊಳೆದು ತುಂಬಿದ ಮೇಲೆ ಮುಚ್ಚಬೇಕು.

ಮುಚ್ಚುವುದೆಂದರೆ ತಾಡಪಾಲನ್ನು ಎಳೆದು, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರುವುದೆಂದು ಎಷ್ಟೋ ಜನರ ಭಾವನೆ. ಚೈತ್ರ ವೈಶಾಖಗಳ ಬಿರುಗಾಳಿಗೆ ಆ ಕಲ್ಲು ಲೆಕ್ಕಕ್ಕಿಲ್ಲ. ಅಂಚಿನ ಸಂದಿನಿಂದ ನುಗ್ಗಿದ ಗಾಳಿ ಹಾಳೆಯನ್ನು ಕೆಳಗಿನಿಂದ ಒತ್ತುತ್ತದೆ. ಮೇಲೆ ವೇಗವಾಗಿ ಬೀಸುವ ಗಾಳಿಯಿಂದ ಅಲ್ಲಿ ಒತ್ತಡ ಕುಗ್ಗುತ್ತದೆ. ಎರಡೂ ಸೇರಿ ಹಾಳೆ ಪಟದಂತೆ ಏಳುತ್ತದೆ, ಕಲ್ಲುಗಳು ನೀರಿನೊಳಕ್ಕೆ ಉರುಳುತ್ತವೆ. ಗಾಳಿಯಿಲ್ಲದೆ ಮಳೆ ಮಾತ್ರ ಬಂದರೆ ಮತ್ತೊಂದು ತೊಂದರೆ. ಸಡಿಲವಾದ ಹಾಳೆಯ ನಡುವೆ ನೀರು ನಿಂತು, ಸೊಳ್ಳೆಗೆ ಅಲ್ಲೇ ಎರಡನೆಯ ಮನೆಯಾಗುತ್ತದೆ.

ಸರಿಯಾದ ಹೊದಿಕೆಗೆ ಮೊದಲು ಬೆನ್ನೆಲುಬು ಬೇಕು. ತೊಟ್ಟಿಯ ನಟ್ಟನಡುವೆ, ಗೋಡೆಗಿಂತ ಒಂದಡಿ ಎತ್ತರದಲ್ಲಿ ಗಟ್ಟಿ ಬಿದಿರನ್ನು ಅಡ್ಡಲಾಗಿ ನಿಲ್ಲಿಸಬೇಕು. ಆಗ ಹಾಳೆ ಮನೆಯ ಮಾಡಿನಂತೆ ಇಬ್ಬದಿಗೆ ಇಳಿಜಾರಾಗಿ, ಮಳೆನೀರು ಹೊರಕ್ಕೆ ಜಾರುತ್ತದೆ. ಹಾಳೆ ಎಲ್ಲ ಬದಿಗಳಲ್ಲೂ ಗೋಡೆಯಿಂದಾಚೆಗೆ ಎರಡಡಿಯಷ್ಟು ಇಳಿಬಿದ್ದಿರಬೇಕು. ಅಂಚಿನ ಲೋಹದ ಕಣ್ಣುಗಳಲ್ಲಿ, ಒಂದನ್ನೂ ಬಿಡದೆ, ಹಗ್ಗ ಪೋಣಿಸಿ ಗೋಡೆಯ ಹೊರಮೈಗೆ ಸೊಂಟಪಟ್ಟಿಯಂತೆ ಸುತ್ತಿ ಬಿಗಿಯಬೇಕು. ಎಳೆತವು ನಾಲ್ಕು ಮೂಲೆಗಳಲ್ಲಿ ಮಾತ್ರ ನಿಂತರೆ ಮೂಲೆ ಹರಿಯುತ್ತದೆ. ಎಲ್ಲ ಕಣ್ಣುಗಳಿಗೂ ಹಂಚಿಹೋದರೆ ಹಾಳೆ ಬಾಳುತ್ತದೆ. ಬಿದಿರಿನ ಎರಡು ತುದಿಗಳಲ್ಲಿ ಉಳಿಯುವ ತ್ರಿಕೋನಾಕಾರದ ಸಂದನ್ನು ಸಣ್ಣ ಕಣ್ಣಿನ ಬಲೆಯಿಂದ ಮುಚ್ಚಬೇಕು. ಗಂಟು ಎಳೆದಷ್ಟೂ ಬಿಗಿಯುವಂತಿರಬೇಕು, ಬೇಕೆಂದಾಗ ಬಿಚ್ಚುವಂತೆಯೂ ಇರಬೇಕು. ಬಿಚ್ಚಲು ಕಷ್ಟವಾದ ಹೊದಿಕೆಯನ್ನು ಜನ ಎರಡನೆಯ ಸಲ ಕಟ್ಟುವುದಿಲ್ಲ.

ಬೇರೆ ಹವೆಯ ನಾಡುಗಳಲ್ಲಿಯೂ ಈ ಪಾಠ ಇದೇ. ಅಮೆರಿಕದಂತಹ ದೇಶಗಳಲ್ಲಿ ಮನೆಯ ಹಿತ್ತಲಿನಲ್ಲಿ, ನೆಲದ ಮೇಲೆ ನಿಲ್ಲಿಸಿದ ಈಜುಕೊಳಗಳನ್ನು ಕಾಣಬಹುದು. ಚಳಿಗಾಲ ಬರುವ ಮುನ್ನ ಅವುಗಳಿಗೆ ಹಾಳೆ ಹೊದಿಸಿ, ಅಂಚಿನ ಕಣ್ಣುಗಳಲ್ಲಿ ಉಕ್ಕಿನ ತಂತಿ ಪೋಣಿಸಿ, ತಿರುಗಣಿಯಿಂದ ಬಿಗಿಯುತ್ತಾರೆ. ಹಾಳೆಯ ಕೆಳಗೆ ನಡುವೆ ಗಾಳಿ ತುಂಬಿದ ದಿಂಬೊಂದನ್ನು ತೇಲಿಬಿಡುತ್ತಾರೆ. ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಆ ಒತ್ತಡವನ್ನು ದಿಂಬು ತಾನು ತೆಗೆದುಕೊಂಡು ಗೋಡೆಯನ್ನು ಉಳಿಸುತ್ತದೆ. ಅಲ್ಲಿ ಹಿಮದ ಭಯ, ಇಲ್ಲಿ ಬಿಸಿಲಿನ ಭಯ. ಕಟ್ಟುವ ಕ್ರಮ ಮಾತ್ರ ಒಂದೇ.

ದೊಡ್ಡ ಜಲರಾಶಿಗಳನ್ನು ಮುಚ್ಚುವ ಪ್ರಯತ್ನಗಳೂ ನಡೆದಿವೆ. 2012ರಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯಲ್ಲಿ ನರ್ಮದಾ ಕಾಲುವೆಯೊಂದರ ಮೇಲೆ ಸೌರಫಲಕಗಳನ್ನು ಚಪ್ಪರದಂತೆ ಹಾಸಲಾಯಿತು; ನೆರಳೂ ದೊರೆಯಿತು, ವಿದ್ಯುತ್ತೂ ದೊರೆಯಿತು. 2015ರಲ್ಲಿ ಲಾಸ್ ಏಂಜಲೀಸ್ ಜಲಾಶಯದಲ್ಲಿ 9.6 ಕೋಟಿ ಕಪ್ಪು ಚೆಂಡುಗಳನ್ನು ತೇಲಿಬಿಟ್ಟರು. ಸೂಳೆಕೆರೆಯಂತಹ ಕೆರೆಗೆ ಹೊದಿಕೆ ಹಾಕುವುದು ಆಗದ ಮಾತು. ಆದರೆ ಮನೆಯ ತೊಟ್ಟಿ ಮನೆಯವರ ಕೈಯಳತೆಯಲ್ಲೇ ಇದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಮುಚ್ಚಿದ ತೊಟ್ಟಿಯೆಂದರೆ ಅಪಾಯವಿಲ್ಲದ ತೊಟ್ಟಿಯೆಂದಲ್ಲ. ತೆರೆದ ನೀರು ಮಗುವಿನ ಕಣ್ಣಿಗೆ ಬೀಳುತ್ತದೆ. ಹಾಳೆಯ ಕೆಳಗಿನ ನೀರು ಅದಕ್ಕೆ ಕಾಣುವುದೇ ಇಲ್ಲ. ನೆಲವೆಂದು ನಂಬಿ ಕಾಲಿಟ್ಟರೆ ಸಡಿಲ ಹಾಳೆ ಕುಸಿದು, ಮಗುವನ್ನೇ ಸುತ್ತಿಕೊಂಡು ಮುಳುಗುತ್ತದೆ. ಬಿಗಿಯಾಗಿ ಕಟ್ಟಿದ ತಾಡಪಾಲೂ ಆಳಿನ ಭಾರವನ್ನು ತಡೆಯುವುದಕ್ಕಾಗಿ ಮಾಡಿದ್ದಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳ ಜಾರುವ ದಂಡೆಯನ್ನು ಬಿದ್ದವರು ಹತ್ತಿ ಬರಲಾರರು. ಆದ್ದರಿಂದಲೇ ಅವುಗಳ ಸುತ್ತ ಬೇಲಿ ಬೇಕು. ತೊಟ್ಟಿಗೂ ಅದೇ ನ್ಯಾಯ. ಹೊದಿಕೆ ನೀರನ್ನು ಕಾಯುತ್ತದೆ. ಮಕ್ಕಳನ್ನು ಕಾಯುವುದು ಬೇಲಿ ಮತ್ತು ಹಿರಿಯರ ಕಣ್ಣು.

ಆದಕಾರಣ ವಾರಕ್ಕೊಮ್ಮೆ ಹಗ್ಗದ ಬಿಗಿಯನ್ನು ಮುಟ್ಟಿ ನೋಡಬೇಕು, ಹಾಳೆಯ ಮೇಲೆ ನಿಂತ ನೀರನ್ನು ಚೆಲ್ಲಬೇಕು, ಸವೆದ ಕಣ್ಣನ್ನು ಸರಿಪಡಿಸಬೇಕು. ಕಟ್ಟಿ ಮರೆತ ಹೊದಿಕೆಯ ಮೇಲಿನ ನಂಬಿಕೆ, ಹೊದಿಕೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಕೇಡನ್ನು ತಂದೀತು.