ಸೀರಿಯಲ್ ಸೆಟ್ ತಗೊಳ್ಳೋ ಮುಂಚೆ ಬಲ್ಬ್ ಅಲ್ಲ, ಪ್ಲಗ್ ನೋಡ್ರಿ

ಹುಬ್ಬಳ್ಳಿ: ದೀಪಾವಳಿ ಹತ್ತಿರ ಬಂದಂತೆ ದುರ್ಗದಬೈಲ್, ದಾಜಿಬಾನ ಪೇಟೆ, ಧಾರವಾಡದ ಸುಭಾಸ ರಸ್ತೆಯ ಅಂಗಡಿಗಳ ಮುಂದೆ ಸೀರಿಯಲ್ ಸೆಟ್‌ಗಳು ತೂಗಾಡತೊಡಗುತ್ತವೆ. ಗಿರಾಕಿಗಳು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ. 'ಎಷ್ಟ್ ಮೀಟರ್ ಐತ್ರಿ?', 'ರೇಟ್ ಎಷ್ಟ್ ಹೇಳ್ರಿ?' ಇದು ಎಷ್ಟು ವೋಲ್ಟಿನದು ಅಂತ ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಮಾತ್ರ ಅದನ್ನೇ.

ಒಂದು ಪುಟ್ಟ ಎಲ್‌ಇಡಿ ಬಲ್ಬಿಗೆ ಬೇಕಾಗುವುದು ಸುಮಾರು 2ರಿಂದ 3 ವೋಲ್ಟ್. ಮನೆಯ ಸಾಕೆಟ್‌ನಲ್ಲಿ ಬರುವುದು 230. ಹಾಗಾಗಿ ಹತ್ತಾರು ಬಲ್ಬುಗಳನ್ನು ಹೂವಿನ ಮಾಲೆಯಂತೆ ಒಂದರ ಹಿಂದೆ ಒಂದು ಪೋಣಿಸುತ್ತಾರೆ. ಆಗ 230 ವೋಲ್ಟ್ ಎಲ್ಲ ಬಲ್ಬುಗಳಿಗೂ ಹಂಚಿಹೋಗುತ್ತದೆ. ಹೀಗೆ ಪೋಣಿಸುವುದಕ್ಕೇ 'ಸೀರೀಸ್' ಅಂತಾರೆ. ನಮ್ಮ ಬಾಯಲ್ಲಿ ಅದು 'ಸೀರಿಯಲ್' ಆಗಿದೆ.

ಇಲ್ಲೇ ಬಹಳ ಮಂದಿ ತಪ್ಪು ತಿಳಿಯುವುದು. 'ಸಣ್ಣ ಬಲ್ಬ್, ಏನ್ ಶಾಕ್ ಹೊಡಿತೈತಿ ಬಿಡ್ರಿ' ಅಂತಾರೆ. ಮಾಲೆ ಸರಿ ಇದ್ದಾಗ ಒಂದೊಂದು ಬಲ್ಬಿನ ಪಾಲಿಗೆ 3 ವೋಲ್ಟ್ ಬರುವುದು ನಿಜ. ಆದರೆ ನಡುವೆ ಎಲ್ಲೋ ವೈರ್ ಹರಿದರೆ ಹಂಚಿಕೆ ಅಲ್ಲಿಗೆ ಮುಗಿಯಿತು. ಹರಿದ ಎರಡು ತುದಿಗಳ ನಡುವೆ ಇಡೀ 230 ವೋಲ್ಟ್ ಬಂದು ನಿಲ್ಲುತ್ತದೆ. ಬರಿಗಾಲಲ್ಲಿ ಹಸಿ ನೆಲದ ಮೇಲೆ ನಿಂತು ಆ ಜೀವಂತ ತುದಿಯನ್ನು ಮುಟ್ಟುವುದೂ ಒಂದೇ, ಗೋಡೆಯ ಸಾಕೆಟ್‌ನಲ್ಲಿ ಬೆರಳು ಇಡುವುದೂ ಒಂದೇ.

ಇನ್ನೊಂದು ವಿಷಯ. ಈ ಸೆಟ್‌ಗಳ ಪ್ಲಗ್ ಎರಡು ಪಿನ್ನಿನದು. ಹೇಗೆ ತಿರುವಿ ಹಾಕಿದರೂ ಕೂರುತ್ತದೆ. ಒಂದು ಬದಿಗೆ ಹಾಕಿದರೆ ಕಂಟ್ರೋಲರ್ ಡಬ್ಬಿಯ ಬಟನ್ ಫೇಸನ್ನು ಕಡಿಯುತ್ತದೆ. ತಿರುವಿ ಹಾಕಿದರೆ ನ್ಯೂಟ್ರಲ್ಲನ್ನು ಮಾತ್ರ ಕಡಿಯಬಹುದು. ಆಗ ದೀಪ ಆರಿರುತ್ತದೆ, ಮಾಲೆಯಲ್ಲಿ ಕರೆಂಟ್ ಹಾಗೇ ಇರುತ್ತದೆ. ಸರ ಸರಿಪಡಿಸಬೇಕಾದರೆ ಬಟನ್ ಒತ್ತಿ ಕೈ ಹಾಕಬೇಡಿ, ಪ್ಲಗ್ಗನ್ನೇ ಕಿತ್ತುಬಿಡಿ.

ಅಡಾಪ್ಟರ್ ಇರುವ ಸೆಟ್ ಯಾಕೆ ಮೇಲು

ಅಂಗಡಿಯಲ್ಲಿ ಎರಡು ಜಾತಿಯ ಸೆಟ್ ಸಿಗುತ್ತವೆ. ಒಂದರಲ್ಲಿ ಪ್ಲಗ್ಗಿನಿಂದ ಎಳೆದಷ್ಟೂ ಸಣ್ಣ ವೈರ್, ಮಧ್ಯೆ ಒಂದು ಪ್ಲಾಸ್ಟಿಕ್ ಡಬ್ಬಿ. ಇದು ನೇರ 230 ವೋಲ್ಟಿನದು. ಇನ್ನೊಂದರಲ್ಲಿ ಪ್ಲಗ್ ಜಾಗದಲ್ಲಿ ಮೊಬೈಲ್ ಚಾರ್ಜರ್‌ನಂಥ ಅಡಾಪ್ಟರ್ ಇರುತ್ತದೆ. ಅದರ ಮೇಲೆ 'ಔಟ್‌ಪುಟ್' ಅಂತ ಬರೆದಿರುವ ಕಡೆ 5, 12, 24 ಅಥವಾ 31 ವೋಲ್ಟ್ ಅಂತ ಇರುತ್ತದೆ. ಯುಎಸ್‌ಬಿ ಸೆಟ್‌ಗಳೂ ಈ ಜಾತಿಯವೇ. ಅಡಾಪ್ಟರ್ ಚಲೋದಿದ್ದು ಮನೆಯೊಳಗೆ ಒಣ ಜಾಗದಲ್ಲಿದ್ದರೆ, ಹೊರಗೆ ಹೋಗುವ ವೈರ್‌ನಲ್ಲಿ ಜೀವಕ್ಕೆ ಕುತ್ತು ತರುವಷ್ಟು ವೋಲ್ಟೇಜ್ ಇರುವುದಿಲ್ಲ. ವೈರ್ ಹರಿದರೂ, ಮಗು ಬಾಯಲ್ಲಿಟ್ಟರೂ ಅಪಾಯ ಬಹಳ ಕಡಿಮೆ.

ಇದಕ್ಕೊಂದು ಕೊರತೆಯೂ ಉಂಟು. ಕಡಿಮೆ ವೋಲ್ಟಿನ ಮಾಲೆ ಬಹಳ ಉದ್ದ ಆದರೆ ಕೊನೆಯ ದೀಪಗಳು ಮಂಕಾಗುತ್ತವೆ. ಮೂರಂತಸ್ತಿನ ಮನೆಗೆ ಮೇಲಿಂದ ಕೆಳಗೆ ಇಳಿಬಿಡಲು ಒಂದೇ ಸೆಟ್ ಸಾಲುವುದಿಲ್ಲ. ರೇಟೂ ಹೆಚ್ಚು. ಆದರೂ ನಮ್ಮ ಅಭಿಪ್ರಾಯ ಇಷ್ಟು: ಕೈಗೆಟಕುವ ಕಡೆ, ಅಂದರೆ ಬಾಗಿಲು, ಕಿಟಕಿಯ ಗ್ರಿಲ್, ಗೇಟು, ದೇವರಕೋಣೆ, ತುಳಸಿಕಟ್ಟೆ, ಇಲ್ಲೆಲ್ಲ ಅಡಾಪ್ಟರ್ ಸೆಟ್ಟೇ ಇರಲಿ. ನೇರ 230 ವೋಲ್ಟಿನದನ್ನು ಯಾರ ಕೈಯೂ ಸಿಗದ ಎತ್ತರಕ್ಕೆ ಮಾತ್ರ ಇಟ್ಟುಕೊಳ್ಳಿ.

ತುಳಸಿಕಟ್ಟೆಯ ಮಾತು ಬೇಕೆಂದೇ ಹೇಳಿದ್ದು. ತುಳಸಿ ಲಗ್ನದ ಸಂಜೆ ಕಟ್ಟೆಗೆ ಕಬ್ಬು ಕಟ್ಟಿ, ಸೀರಿಯಲ್ ಸುತ್ತಿ, ನೀರು ಹಾಕಿದ ಹಸಿ ನೆಲದ ಮೇಲೆ ಮನೆಯ ಹೆಣ್ಮಕ್ಕಳೆಲ್ಲ ಬರಿಗಾಲಲ್ಲಿ ಸುತ್ತು ಬರುತ್ತಾರೆ. ಹಸಿ ಮಣ್ಣು, ಹಸಿ ಕಬ್ಬು, ಬರಿಗಾಲು, ಅಗ್ಗದ ವೈರ್. ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದು ಸಿಗಲಿಕ್ಕಿಲ್ಲ.

ಮಳೆಯ ಲೆಕ್ಕವನ್ನೂ ಹಾಕಬೇಕು. ಗಣೇಶ ಚೌತಿಗೆ ಧಾರವಾಡ, ಕಲಘಟಗಿ, ಅಳ್ನಾವರದ ಕಡೆ ಜಿಟಿಜಿಟಿ ಇನ್ನೂ ನಿಂತಿರುವುದಿಲ್ಲ. ದೀಪಾವಳಿಗೂ ಹಿಂಗಾರಿನ ಭರವಸೆ ಇಲ್ಲ. ಡಬ್ಬಿಯ ಮೇಲೆ 'ಐಪಿ' ಅಂತ ಬರೆದು ಮುಂದೆ ಎರಡಂಕಿ ಇರುತ್ತದೆ. ಐಪಿ 20 ಅಂದರೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ, ಒಳಗೆ ಮಾತ್ರ. ಐಪಿ 44 ಹನಿ, ಸಿಡಿಯುವ ನೀರು ತಡೆಯುತ್ತದೆ. ಐಪಿ 65 ಪೈಪಿನಿಂದ ನೀರು ಬಿಟ್ಟರೂ ತಾಳುತ್ತದೆ. ಬಯಲಿಗೆ ಕನಿಷ್ಠ 44 ಬೇಕು. 'ವಾಟರ್‌ಪ್ರೂಫ್ ಐತ್ರಿ' ಅನ್ನುವ ಬಾಯಿಮಾತು ಸಾಲದು, ಅಂಕಿ ತೋರಿಸಿ ಅನ್ನಿ. ಬಲ್ಬುಗಳ ಭಾಗ ವಾಟರ್‌ಪ್ರೂಫ್ ಇದ್ದು ಪ್ಲಗ್ಗು, ಅಡಾಪ್ಟರು ಹಾಗಿರದ ಸೆಟ್‌ಗಳೂ ಬಹಳ ಇವೆ.

ಎಂಸಿಬಿ ಇದ್ದರೆ ಸಾಕಾ?

ಸಾಲದು. ಎಂಸಿಬಿ ಇರುವುದು ನಿಮ್ಮ ವೈರಿಂಗ್ ಕಾಯಲಿಕ್ಕೆ. 6 ಆಂಪಿಯರ್ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲೂ ಬೇಡ. ಮೈಮೇಲೆ ಕರೆಂಟ್ ಹರಿದರೂ ಎಂಸಿಬಿ ಸುಮ್ಮನೇ ಇರುತ್ತದೆ. ಆ ಸೋರಿಕೆಯನ್ನು ಹಿಡಿಯುವುದು ಆರ್‌ಸಿಸಿಬಿ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದು. ಅದಕ್ಕೆ 'ಟೆಸ್ಟ್' ಅಂತ ಒಂದು ಗುಂಡಿ ಇರುತ್ತದೆ, ಹಬ್ಬಕ್ಕೆ ಮುಂಚೆ ಒಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಕೊಳ್ಳುವಾಗ ಡಬ್ಬಿ ತಿರುವಿ ನೋಡಿ. ಎಲ್‌ಇಡಿ ಮಾಲೆಗಳು ಬಿಐಎಸ್‌ನ ಕಡ್ಡಾಯ ನೋಂದಣಿ ಪಟ್ಟಿಯಲ್ಲಿವೆ. ಐಎಸ್‌ಐ ಮಾದರಿಯ ಗುರುತಿನ ಜೊತೆ 'ಆರ್' ಅಕ್ಷರ, ಅದರ ಮುಂದೆ 8 ಅಂಕಿ ಇರಬೇಕು. ಮೊಬೈಲ್‌ನಲ್ಲಿ 'ಬಿಐಎಸ್ ಕೇರ್' ಆ್ಯಪ್ ತೆರೆದು ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿ, ಯಾವ ವಸ್ತುವಿಗೆ ನೋಂದಣಿ ಆಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇಲ್ಲದೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮಾಲನ್ನು ಬಿಟ್ಟುಬಿಡಿ. ಅಂಗಡಿಕಾರರಿಗೂ ಒಂದು ಮಾತು: 2016ರ ಬಿಐಎಸ್ ಕಾಯ್ದೆ ತಯಾರಿಸುವವರಿಗಷ್ಟೇ ಅನ್ವಯವಲ್ಲ, ಗುರುತಿಲ್ಲದ ಮಾಲು ಇಟ್ಟು ಮಾರುವವರಿಗೂ ಶಿಕ್ಷೆ ಇದೆ. ಹೋಲ್‌ಸೇಲ್ ಬಿಲ್ ಇಲ್ಲದೆ ಮಾಲು ಇಳಿಸಿಕೊಂಡರೆ ನಾಳೆ ಕೈ ತೋರಿಸಲಿಕ್ಕೂ ಯಾರೂ ಸಿಗುವುದಿಲ್ಲ.

ಅಂಗಡಿಯಲ್ಲೇ ಐದು ನಿಮಿಷ ಉರಿಸಿ ತೋರಿಸಲು ಕೇಳಿ. ಆಮೇಲೆ ಪ್ಲಗ್ ಕೀಳಿಸಿ ಕಂಟ್ರೋಲರ್ ಡಬ್ಬಿ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಬೇಡ. ವೈರ್ ಪ್ಲಗ್ಗಿನೊಳಗೆ ಹೋಗುವ ಕಡೆ ಮೆಲ್ಲಗೆ ಜಗ್ಗಿ, ಅಲುಗಾಡಬಾರದು. ಒಂದಕ್ಕೊಂದು ಜೋಡಿಸುವ ಸೆಟ್ ಆದರೆ ಎಷ್ಟು ಜೋಡಿಸಬಹುದು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಕೊನೆಯ ತೆರೆದ ತುದಿಗೆ ಟೋಪಿ ಇದೆಯೋ ಇಲ್ಲವೋ ನೋಡಿ.

ಗೃಹಜ್ಯೋತಿ ಬಿಲ್ಲಿನ ಚಿಂತೆ

ಎಲ್‌ಇಡಿ ಸೆಟ್ ಒಂದಕ್ಕೆ ಸಾಮಾನ್ಯವಾಗಿ 5ರಿಂದ 10 ವ್ಯಾಟ್. 10 ವ್ಯಾಟಿನ 5 ಸೆಟ್, ದಿನಕ್ಕೆ 6 ತಾಸು, 15 ದಿನ ಉರಿದರೆ ನಾಲ್ಕೂವರೆ ಯೂನಿಟ್. ಹಳೆಯ 'ಝೀರೋ ಬಲ್ಬ್' ಹೆಸರಿಗಷ್ಟೇ ಝೀರೋ, ಒಂದೊಂದೂ 12ರಿಂದ 15 ವ್ಯಾಟ್ ತಿನ್ನುತ್ತದೆ. 15 ವ್ಯಾಟಿನ 20 ಬಲ್ಬ್ ಅಷ್ಟೇ ಹೊತ್ತು ಉರಿದರೆ 27 ಯೂನಿಟ್. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಹೆಚ್ಚುವರಿ ಸಿಗುತ್ತದೆ. ಸರಾಸರಿ 60 ಯೂನಿಟ್ ಇದ್ದ ಮನೆಗೆ 66. ಎಲ್‌ಇಡಿ ಆದರೆ ಹಬ್ಬ ಅದರೊಳಗೇ ಕಳೆಯಬಹುದು, ಝೀರೋ ಬಲ್ಬ್ ಆದರೆ ಮಿಕ್ಕ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ. ಅಂಗಡಿಗಳಿಗೆ ಈ ಯೋಜನೆ ಇಲ್ಲ.

ಅಂಗಡಿಗಳದ್ದೇ ಬೇರೆ ಗೋಳು. ಲಕ್ಷ್ಮೀ ಪೂಜೆ ಮುಗಿಸಿ, ದೀಪ ಉರಿಯಲಿ ಅಂತ ಬಿಟ್ಟು, ವೈರ್ ಮೇಲೇ ಶಟರ್ ಎಳೆದು ಮನೆಗೆ ಹೋಗುವವರು ಬಹಳ. ಶಟರಿನ ಕಬ್ಬಿಣದ ಅಂಚು ವೈರಿನ ತೊಗಟೆ ಸುಲಿದರೆ ಇಡೀ ಶಟರ್‌ಗೆ ಕರೆಂಟ್ ಬರಬಹುದು. ಬೆಳಗ್ಗೆ ಬಂದು ಅದನ್ನೇ ಹಿಡಿದು ಎತ್ತಬೇಕಲ್ಲ! ಒಳಗೆ ಬಟ್ಟೆ, ರದ್ದಿ ಇದ್ದರೆ ಬೆಂಕಿಯ ಭಯ ಬೇರೆ. ವೈರನ್ನು ಮೇಲಿನ ವೆಂಟಿಲೇಟರ್‌ನಿಂದ ಪೈಪಿನೊಳಗೆ ಹಾಯಿಸಿ, ಪ್ಲಗ್ಗಿಗೆ ಒಂದು ಟೈಮರ್ ಹಾಕಿದರೆ ಎರಡೂ ತಪ್ಪುತ್ತದೆ. ಓಣಿಯ ಪೆಂಡಾಲ್‌ಗೆ ಕಂಬದಿಂದ ನೇರ ಕೊಕ್ಕೆ ಹಾಕುವುದು ಕಳವು ಅನಿಸಿಕೊಳ್ಳುತ್ತದೆ. ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಸಿಗುತ್ತದೆ. ಕಂಬದಲ್ಲಿ ಕಿಡಿ, ಹರಿದ ತಂತಿ ಕಂಡರೆ 1912ಕ್ಕೆ ಫೋನ್ ಮಾಡಿ.

ಯಾರಿಗಾದರೂ ಶಾಕ್ ಹೊಡೆದರೆ ಓಡಿಹೋಗಿ ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ ಇಳಿಸಿ, ಆಗದಿದ್ದರೆ ಒಣ ಕಟ್ಟಿಗೆಯಿಂದ ವೈರ್ ಸರಿಸಿ, 108ಕ್ಕೆ ಫೋನ್ ಮಾಡಿ.

ಹೋದ ವರ್ಷದ ಸೆಟ್ ಅಟ್ಟದ ಮೇಲಿದ್ದರೆ ಬಿಚ್ಚಿ ಬೆಳಕಿನಲ್ಲಿ ಗೇಣುಗೇಣಾಗಿ ನೋಡಿ. ಇಲಿ ಕಡಿದಿರಬಹುದು, ಕೆಟ್ಟ ಬಲ್ಬ್ ಕಿತ್ತು ಎರಡು ತುದಿ ಹೊಸೆದು ಸೆಲೋಟೇಪ್ ಸುತ್ತಿರಬಹುದು. ಸೆಲೋಟೇಪ್ ಪುಸ್ತಕಕ್ಕೆ, ಕರೆಂಟಿಗಲ್ಲ. ಅದೂ ಅಲ್ಲದೆ, ಹಾಗೆ ಕಿತ್ತಷ್ಟೂ ಉಳಿದ ಬಲ್ಬುಗಳ ಪಾಲಿಗೆ ಹೆಚ್ಚು ವೋಲ್ಟೇಜ್ ಬಿದ್ದು ಅವೂ ಒಂದೊಂದಾಗಿ ಸುಡುತ್ತವೆ. ಅಂಥ ಸೆಟ್‌ನ ಪ್ಲಗ್ ಕತ್ತರಿಸಿ ಗುಜರಿಗೆ ಹಾಕಿ. ಕತ್ತರಿಸದೆ ಹಾಕಿದರೆ ಅದು ಇನ್ನೊಬ್ಬರ ಮನೆಯಲ್ಲಿ ಮತ್ತೆ ಉರಿಯುತ್ತದೆ.